ನಲವತ್ತಾರಕ್ಕೆ ಮೂಡಿದ ಹಸಿರು ಕೊಂಬು

ಎಡಗಾಲಿನ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗಿದೆ. ಭಾನುವಾರ ಮಧ್ಯಾಹ್ನ ಅಮೆರಿಕದ ಡೆನ್ವರ್‌ನ ಮನೆಗೆ ಬಂದು ಸೇರಿದೆವು, ಇವತ್ತು ಬುಧವಾರ. ಮೆಟ್ಟಿಲು ಇಳಿಯುವಾಗ ಈಗಲೂ ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ಒಂದೊಂದೇ ಕಾಲು ಇಡುತ್ತಿದ್ದೇನೆ. ನೋವು ಆರುವ ಮೊದಲೇ ಬರೆದುಬಿಡೋಣ ಅಂತ ಕೂತೆ. ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು, ಅದರ ಬಗ್ಗೆ ಸಲಹೆ ಕೊಡುವವರೆಲ್ಲ ಮೂರನೇ ವಯಸ್ಸಿಗೇ ಕಾಲಿಗೆ ಹಲಗೆ ಕಟ್ಟಿಕೊಂಡವರು. ತೀರ್ಥಹಳ್ಳಿ ಕಡೆಯ, ಮೂವತ್ತು ದಾಟಿದ ಮೇಲೆ ಮೊದಲ ಸಲ ಹಿಮ ಕಂಡ, ನಲವತ್ತಾರರ ಹೆಂಗಸಿಗೆ ಏನು ಗೊತ್ತಿರುವುದಿಲ್ಲ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ.

ಎಂಟು ವರ್ಷದ ಹಿಂದೆ ಒಮ್ಮೆ ಪ್ರಯತ್ನಿಸಿದ್ದೆ. ಬೇರೊಂದು ಊರು, ಬೇರೊಂದು ಬೆಟ್ಟ. ಅಲ್ಲಿ ಹೊಸಬರು ಕಲಿಯುವ ಜಾಗ ಬೆಟ್ಟದ ಬುಡದಲ್ಲಿ, ಮೇಲಿಂದ ಬಾಣದ ಹಾಗೆ ಬರುವವರೆಲ್ಲ ಕೊನೆಗೆ ಬಂದು ಸೇರುವ ಕಡೆಯಲ್ಲೇ ಇತ್ತು. ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ, ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಗಳ ಲಿಫ್ಟ್ ಹಳೇ ಕಾಲದ್ದು. ಕುರ್ಚಿ ಹಗ್ಗಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಹತ್ತುವವರು ಬಂದರೆಂದು ನಿಧಾನವಾಗುವುದಿಲ್ಲ. ಹಿಂದಿನಿಂದ ಬಂದು ಮಂಡಿಯ ಹಿಂಭಾಗಕ್ಕೆ ಬಡಿದು ಕೂರಿಸಿಕೊಂಡು ಹೋಯಿತು. ಮೇಲೆ ಇಳಿಯುವಾಗ ಮುಗ್ಗರಿಸಿ ಬಿದ್ದೆ, ನನ್ನ ಮೇಲೆ ಇನ್ನಿಬ್ಬರು ಬಿದ್ದರು, ಲಿಫ್ಟ್ ನಿಲ್ಲಿಸಿದರು. ಕೆಳಗೆ ನೋಡಿದರೆ ತಲೆ ತಿರುಗಿತು. ಹಲಗೆ ಬಿಚ್ಚಿ ಹೆಗಲಿಗೇರಿಸಿ, ಬೆಟ್ಟದ ಅಂಚಿನಲ್ಲಿ ನಡೆದುಕೊಂಡೇ ಇಳಿದೆ. ಎಲ್ಲರೂ ನೋಡುತ್ತಿದ್ದರು. ನೋಡುತ್ತಿರಲಿಲ್ಲವೋ ಏನೋ, ನನಗಂತೂ ಹಾಗನ್ನಿಸಿತ್ತು. ಆಮೇಲೆ ಆ ಮಾತೇ ಎತ್ತಿರಲಿಲ್ಲ.

ಈ ವರ್ಷ ಮಗಳು ಹಟ ಹಿಡಿದಳು. ಹತ್ತು ವರ್ಷದವಳು, ಕ್ಲಾಸಿನಲ್ಲಿ ಸ್ಕೀ ಬಾರದವರಲ್ಲಿ ತಾನೂ ಒಬ್ಬಳು ಅನ್ನುವ ಬೇಸರ. ಹುಡುಕುವಾಗ ಸ್ಟೀಮ್‌ಬೋಟ್ ವಿಷಯ ತಿಳಿಯಿತು. ಕೊಲೊರಾಡೊದ ವಾಯವ್ಯ ಮೂಲೆಯಲ್ಲಿರುವ ಈ ಊರಿಗೆ ಸ್ಕೀ ಹೊಸದೇನಲ್ಲ. ಊರ ನಡುವಿನ ಹೌಲ್ಸನ್ ಹಿಲ್‌ನಲ್ಲಿ 1915ರಿಂದ ಜಾರುತ್ತಿದ್ದಾರೆ, ದೊಡ್ಡ ಬೆಟ್ಟದ ರೆಸಾರ್ಟ್ ಶುರುವಾಗಿದ್ದು 1963ರಲ್ಲಿ. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಹೊಸ ಸಂಗತಿ. 2022ರ ಡಿಸೆಂಬರಿನಲ್ಲಿ ಅವರು ಹೊಸಬರ ಕಲಿಕೆಯ ಜಾಗವನ್ನು ಬೆಟ್ಟದ ನಡುಭಾಗಕ್ಕೆ ಒಯ್ದಿದ್ದಾರೆ, ಹೆಸರು ಗ್ರೀನ್‌ಹಾರ್ನ್ ರಾಂಚ್. ಅಲ್ಲಿಗೆ ಹೋಗಲು ವೈಲ್ಡ್ ಬ್ಲೂ ಅನ್ನುವ ಗೊಂಡೋಲಾದ ಮೊದಲ ಹಂತ, ಅಂದರೆ ಹತ್ತು ಜನ ಕೂರುವ ಮುಚ್ಚಿದ ಡಬ್ಬಿಗಳ ಸಾಲು. ಮರುವರ್ಷ ಅದೇ ಗೊಂಡೋಲಾವನ್ನು ಸನ್‌ಶೈನ್ ಶಿಖರದವರೆಗೆ ಎಳೆದರು. ಒಟ್ಟು ಉದ್ದ 3.16 ಮೈಲಿ, ನಮ್ಮ ಲೆಕ್ಕದಲ್ಲಿ ಐದು ಕಿಲೋಮೀಟರ್. ಅದೇ ವಿಸ್ತರಣೆಯಲ್ಲಿ ಮಹೋಗನಿ ರಿಡ್ಜ್ ಅಂತ 650 ಎಕರೆಯನ್ನೂ ಸೇರಿಸಿದ್ದಾರೆ. ಅದು ಪಳಗಿದವರಿಗೆ, ನಮ್ಮಂಥವರು ಆ ಕಡೆ ತಲೆ ಹಾಕಬೇಕಾಗಿಲ್ಲ.

ಗ್ರೀನ್‌ಹಾರ್ನ್ ಅಂದರೆ ಅನುಭವವಿಲ್ಲದ ಹೊಸಬ. ಮೂಲದಲ್ಲಿ ಆಗಷ್ಟೇ ಕೊಂಬು ಮೂಡಿದ ಎಳೆ ಹೋರಿಗೆ ಹೇಳುತ್ತಿದ್ದ ಮಾತಂತೆ. ನಮ್ಮಲ್ಲಿ ಕೊಂಬು ಬಂತು ಅಂದರೆ ಅರ್ಥ ಬೇರೆ. ಆ ಅರ್ಥದ ಕೊಂಬು ನನಗೆ ಬಂದದ್ದು ಮೂರನೇ ದಿನ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾಗದಪತ್ರ. ಪಾಠ ಬುಕ್ ಮಾಡುವಾಗಲೇ ಒಬ್ಬೊಬ್ಬರಿಗೂ ಒಂದೊಂದು ಒಪ್ಪಿಗೆ ಪತ್ರ, ಬಿದ್ದು ಕೈಕಾಲು ಮುರಿದರೆ ಹೊಣೆ ನಮ್ಮದೇ ಎಂದು. ಮಗುವಿನದಕ್ಕೆ ತಂದೆಯೋ ತಾಯಿಯೋ ಸಹಿ ಹಾಕಬೇಕು. ಮನೆಯಲ್ಲೇ ಕೂತು ಮುಗಿಸಿಕೊಳ್ಳಿ, ಬೆಳಿಗ್ಗೆ ಎಂಟಕ್ಕೆ ಸಾಲಿನಲ್ಲಿ ನಿಂತು ಹೆಪ್ಪುಗಟ್ಟಿದ ಬೆರಳಿನಲ್ಲಿ ಫೋನ್ ಒತ್ತುವ ಕಷ್ಟ ಬೇಡ. ಅದನ್ನು ಓದುತ್ತಾ ಓದುತ್ತಾ ನಮ್ಮನೆಯವರ ಮುಖ ಸಣ್ಣದಾಯಿತು. ನಾನು ಓದದೆ ಸಹಿ ಹಾಕಿದೆ.

ಹಲಗೆ, ಬೂಟು, ಹೆಲ್ಮೆಟ್ಟುಗಳನ್ನು ಡೆನ್ವರಿನಲ್ಲೇ ಒಂದು ಅಂಗಡಿಯಲ್ಲಿ ಬಾಡಿಗೆಗೆ ತೆಗೆದುಕೊಂಡೆವು, ಬೆಟ್ಟದ ಬುಡದಲ್ಲಿ ತೆಗೆದುಕೊಳ್ಳುವುದಕ್ಕಿಂತ ಅಗ್ಗ. ಅಲ್ಲಿ ಮೊದಲ ವಿಘ್ನ. ನಮ್ಮನೆಯವರ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ, ಮನೆತನದ ಹೆಸರಿಲ್ಲ. ಹಾಗಾಗಿ ಇಲ್ಲಿನ ಲೈಸೆನ್ಸಿನಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತಿದೆ, ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಚುಟುಕು. ಬುಕ್ ಮಾಡಿದ ಹೆಸರಿಗೂ ಲೈಸೆನ್ಸಿಗೂ ತಾಳೆಯಾಗದೆ ನಲವತ್ತು ನಿಮಿಷ ಹೋಯಿತು. 'ಫ್ನೂ, ನಿಮ್ಮ ಬೂಟು ರೆಡಿ' ಅಂತ ಕೊನೆಗೆ ಕೂಗಿದರು. ಹೀಗೆ ಒಂಟಿ ಹೆಸರಿನವರು ಬುಕ್ ಮಾಡುವಾಗಲೇ ಲೈಸೆನ್ಸಿನಲ್ಲಿ ಇದ್ದಂತೆ, ಎಷ್ಟೇ ವಿಚಿತ್ರವಾಗಿದ್ದರೂ, ಹಾಗೇ ತುಂಬಿಸಿ.

ಎರಡನೇ ವಿಘ್ನ ನನ್ನದೇ. ಬಾಡಿಗೆ ಫಾರಂನಲ್ಲಿ ತೂಕ ಕೇಳುತ್ತಾರೆ. ಹಿಂದೆ ಮೂರು ಜನ ನಿಂತಿದ್ದರು. 148 ಪೌಂಡ್ ಇರುವವಳು 130 ಅಂತ ಬರೆದೆ. ಪಕ್ಕದಲ್ಲಿ ನಮ್ಮನೆಯವರು, ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತೀರಿ ಅನ್ನುವ ಕಡೆ ಒಂದು ಹಾಕುವ ಬದಲು ಎರಡು ಹಾಕಿದ್ದರು. ಬೈಂಡಿಂಗ್ ಬಿಗಿ ಮಾಡುವ ಹುಡುಗ ಇಬ್ಬರ ಫಾರಂ ನೋಡಿ ನಮ್ಮನ್ನು ನೋಡಿ ಪೆನ್ನು ವಾಪಸ್ ಕೊಟ್ಟ. ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಅನ್ನುತ್ತಾರೆ. ಅದು ಎಷ್ಟು ಬಲ ಬಿದ್ದಾಗ ಬಿಟ್ಟುಕೊಳ್ಳಬೇಕು ಅನ್ನುವುದಕ್ಕೆ ಡಿನ್ ಎಂಬ ಸಂಖ್ಯೆ ಇದೆ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಎಷ್ಟು ಕಲಿತಿದ್ದೀರಿ, ಈ ಐದರಿಂದ ಅದನ್ನು ಲೆಕ್ಕ ಹಾಕುತ್ತಾರೆ. ತೂಕ ಕಮ್ಮಿ ಬರೆದರೆ ಸುಮ್ಮನೆ ಹೋಗುವಾಗಲೇ ಹಲಗೆ ಕಳಚಿಕೊಳ್ಳುತ್ತದೆ. ಜಂಬದಿಂದ ಹೆಚ್ಚು ಬಲ್ಲೆ ಅಂದರೆ ಬಿದ್ದಾಗ ಬಿಟ್ಟುಕೊಳ್ಳುವುದಿಲ್ಲ, ಮಂಡಿ ತಿರುಚಿಕೊಳ್ಳುತ್ತದೆ. ಐವತ್ತು ದಾಟಿದವರಿಗೆ ಇನ್ನೂ ಒಂದು ಹೆಜ್ಜೆ ಸಡಿಲ ಮಾಡುತ್ತಾರೆ. ನಮ್ಮನೆಯವರಿಗೆ ಐವತ್ತೊಂದು. ಇಬ್ಬರೂ ಬಾಯಿ ಮುಚ್ಚಿಕೊಂಡು ತಿದ್ದಿಕೊಟ್ಟೆವು.

ಬೂಟಿನ ವಿಷಯಕ್ಕೆ ಸ್ವಲ್ಪ ಹೆಚ್ಚೇ ಹೇಳಬೇಕು, ನನ್ನ ಉಗುರು ಕಪ್ಪಾದದ್ದು ಅದರಿಂದ. ಸ್ಕೀ ಬೂಟಿನ ಅಳತೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ನೆಟ್ಟಗೆ ನಿಂತಾಗ ಬೆರಳು ತುದಿಗೆ ತಾಗಬೇಕು, ಮಂಡಿ ಮುಂದಕ್ಕೆ ಬಗ್ಗಿಸಿದಾಗ ಹಿಂದೆ ಸರಿಯಬೇಕು. ನನಗೆ ತಾಗುವುದೇ ಹಿಂಸೆ ಅನ್ನಿಸಿ ಒಂದು ಸೈಜ್ ದೊಡ್ಡದು ಕೇಳಿದೆ. ಚಳಿಗೆ ಹೆದರಿ ಒಳಗೆ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿದೆ. ಎರಡೂ ತಪ್ಪು. ದಪ್ಪ ಕಾಲುಚೀಲ ರಕ್ತದ ಓಟ ತಡೆದು ಕಾಲನ್ನು ಇನ್ನಷ್ಟು ತಣ್ಣಗಾಗಿಸುತ್ತದೆ, ದೊಡ್ಡ ಬೂಟಿನೊಳಗೆ ಪಾದ ಹಿಂದೆ ಮುಂದೆ ಓಡಾಡಿ ಉಗುರು ಗೋಡೆಗೆ ಗುದ್ದುತ್ತದೆ. ಮಂಡಿಯವರೆಗಿನ ತೆಳು ಕಾಲುಚೀಲ ಒಂದೇ ಜೊತೆ ಸಾಕು. ಒಳಗೆ ಹತ್ತಿ ಬಟ್ಟೆಯೂ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಬೆವರಿಗೋ ಹಿಮಕ್ಕೋ ಒದ್ದೆಯಾದರೆ ಸಂಜೆವರೆಗೂ ಒಣಗುವುದಿಲ್ಲ. ಅಮ್ಮ ಕಳಿಸಿದ ಮಂಕಿ ಕ್ಯಾಪ್ ಹೆಲ್ಮೆಟ್ಟಿನೊಳಗೆ ಹಿಡಿಸುವುದಿಲ್ಲ, ಅದೂ ಹೇಳಿಬಿಡುತ್ತೇನೆ.

ಕಳೆದ ವಾರದ ಬುಧವಾರ ಹೊರಟೆವು. ಡೆನ್ವರಿನಿಂದ ಸುಮಾರು ಮೂರೂವರೆ ಗಂಟೆಯ ದಾರಿ. ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ, ಆಮೇಲೆ ಸಿಲ್ವರ್‌ಥಾರ್ನ್‌ನಲ್ಲಿ ದೊಡ್ಡ ಹೆದ್ದಾರಿ ಬಿಟ್ಟು ಕ್ರೆಮ್ಲಿಂಗ್ ಮೇಲೆ ಹೋಗಬೇಕು. ಸೆಪ್ಟೆಂಬರಿನಿಂದ ಮೇ ಕೊನೆಯವರೆಗೆ ಆ ದೊಡ್ಡ ಹೆದ್ದಾರಿಯ ಬೆಟ್ಟದ ಭಾಗದಲ್ಲಿ ಟೈರಿಗೆ ಕಾನೂನಿದೆ, ಸವೆದ ಟೈರು ಹಾಕಿಕೊಂಡು ಹೋದರೆ ದಂಡ. ಕೊನೆಯದು ರ‍್ಯಾಬಿಟ್ ಇಯರ್ಸ್ ಘಾಟಿ, 9,426 ಅಡಿ. ಮೇಲೊಂದು ಬಂಡೆ ಮೊಲದ ಕಿವಿಯ ಹಾಗೆ ಎದ್ದಿದೆಯಂತೆ. ನಾವು ಹೋದಾಗ ಹಿಮ ಬೀಳುತ್ತಿತ್ತು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಏನೂ ಕಾಣಲಿಲ್ಲ. ಆಗುಂಬೆ ಘಾಟಿಯಲ್ಲಿ ಮಳೆಗಾಲದ ರಾತ್ರಿ ಬಸ್ಸಿನಲ್ಲಿ ಕೂತ ಹಾಗೆ ಮುಂದಿನ ಸೀಟು ಹಿಡಿದು ಕೂತಿದ್ದೆ.

ಬೆಟ್ಟದ ಬುಡವೇ 6,900 ಅಡಿ. ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಆ ರಾತ್ರಿ ತಲೆನೋವು, ನಿದ್ದೆಯಿಲ್ಲ. ಬೆಂಗಳೂರಿನಿಂದಲೋ ಸಮುದ್ರಮಟ್ಟದ ಊರುಗಳಿಂದಲೋ ಬರುವವರು ಡೆನ್ವರಿನಲ್ಲಿ ಒಂದು ರಾತ್ರಿ ಕಳೆದು ಬನ್ನಿ, ನೀರು ಕುಡಿಯುತ್ತಲೇ ಇರಿ.

ಮೊದಲ ದಿನ. ಬೂಟು ಹಾಕಿ, ಎರಡು ಹಲಗೆ ಎರಡು ಕೋಲು ಹೊತ್ತು ಗೊಂಡೋಲಾದವರೆಗೆ ನಡೆಯುವಷ್ಟರಲ್ಲೇ ಅರ್ಧ ಜೀವ ಹೋಗಿತ್ತು. ಗೇಟಿನಲ್ಲಿ ಟಿಕೆಟ್ ತೋರಿಸುವುದಿಲ್ಲ, ಜೇಬಿನಲ್ಲಿರುವ ಕಾರ್ಡನ್ನು ಯಂತ್ರವೇ ಓದುತ್ತದೆ. ಕಾರ್ಡನ್ನು ಎಡಗಡೆ ಜೇಬಿನಲ್ಲಿ ಒಂಟಿಯಾಗಿ ಇಡಿ. ನಾನು ಫೋನ್ ಜೊತೆ ಇಟ್ಟಿದ್ದೆ, ಗೇಟು ತೆಗೆಯಲಿಲ್ಲ. ಹಿಂದೆ ಸಾಲು ಬೆಳೆಯಿತು, ಎಂಟು ವರ್ಷದ ಹಿಂದಿನ ಆ ಮಧ್ಯಾಹ್ನ ಹೊಟ್ಟೆಯಲ್ಲಿ ಮತ್ತೆ ಎದ್ದಿತು.

ಆದರೆ ಗೊಂಡೋಲಾ ಬೇರೆಯೇ ಜಗತ್ತು. ಹಲಗೆ ಬಿಚ್ಚಿಕೊಂಡೇ ಹತ್ತುವುದು. ನಿಲ್ದಾಣದೊಳಗೆ ಡಬ್ಬಿ ಹಗ್ಗದಿಂದ ಬಿಡಿಸಿಕೊಂಡು ನಡಿಗೆಯ ವೇಗಕ್ಕೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಜನ ಹತ್ತಿದ ಮೇಲೆ ಮತ್ತೆ ಹಗ್ಗ ಕಚ್ಚಿಕೊಂಡು ಓಡುತ್ತದೆ. ಬಿದ್ದು ಲಿಫ್ಟ್ ನಿಲ್ಲಿಸುವ ಪ್ರಮೇಯವೇ ಇಲ್ಲ. ಒಂದು ಎಚ್ಚರ: ನಡು ನಿಲ್ದಾಣದಲ್ಲಿ ಇಳಿಯಲು ಮರೆಯಬೇಡಿ. ನಾವು ಹರಟೆಯಲ್ಲಿ ಮುಳುಗಿ ಕೂತೇ ಇದ್ದೆವು, ಎದುರಿಗಿದ್ದ ಅಜ್ಜ ನಮ್ಮ ಬಾಡಿಗೆ ಹಲಗೆ ನೋಡಿ 'ನಿಮ್ಮ ಜಾಗ ಇದೇ ಅಲ್ಲವೇ' ಎಂದ. ಇಲ್ಲದಿದ್ದರೆ 10,000 ಅಡಿ ದಾಟಿದ ಶಿಖರಕ್ಕೆ ಹೋಗಿ ನಿಲ್ಲುತ್ತಿದ್ದೆವು.

ಗ್ರೀನ್‌ಹಾರ್ನ್ ರಾಂಚ್‌ನಲ್ಲಿ ನೋಡಿದರೆ ಸುತ್ತ ಎಲ್ಲರೂ ನಮ್ಮಂಥವರೇ. ದೊಡ್ಡವರು ಬೀಳುತ್ತಿದ್ದಾರೆ, ಮಕ್ಕಳು ಬೀಳುತ್ತಿದ್ದಾರೆ, ಮೇಲಿಂದ ಯಾರೂ ಬಾಣದ ಹಾಗೆ ಬರುತ್ತಿಲ್ಲ. ಎತ್ತರದಲ್ಲಿ ಇರುವುದರಿಂದ ಹಿಮವೂ ಒಣ. ಸ್ಟೀಮ್‌ಬೋಟ್ ಹಿಮಕ್ಕೆ ಶಾಂಪೇನ್ ಪೌಡರ್ ಅಂತ ಹೆಸರು. ಅಕ್ಕಿಹಿಟ್ಟು ಮುಟ್ಟಿದ ಹಾಗಿರುತ್ತದೆ, ಉಂಡೆ ಕಟ್ಟಲು ಹೋದರೆ ಉದುರಿಹೋಗುತ್ತದೆ. ಬೀಳಲು ಇದಕ್ಕಿಂತ ಒಳ್ಳೆ ಜಾಗ ಸಿಗಲಾರದು.

ಕಲಿಸುವವನು ಅರ್ಜೆಂಟೀನಾದ ಹುಡುಗ. ಅವನೂರಿನಲ್ಲಿ ಬೇಸಿಗೆ ಇದ್ದಾಗ ಇಲ್ಲಿ ಬಂದು ಕಲಿಸುತ್ತಾನಂತೆ. ಮೊದಲು ಒಂದೇ ಹಲಗೆ ಕಟ್ಟಿ ಸಮತಟ್ಟಿನಲ್ಲಿ ಓಡಾಡಿಸಿದ. ಆಮೇಲೆ ಮ್ಯಾಜಿಕ್ ಕಾರ್ಪೆಟ್, ಅಂದರೆ ವಿಮಾನ ನಿಲ್ದಾಣದ ಲಗೇಜ್ ಬೆಲ್ಟಿನಂಥದ್ದು. ಮೇಲೆ ನಿಂತರೆ ನಿಧಾನಕ್ಕೆ ಏರಿಸುತ್ತದೆ. ಹಲಗೆಗಳ ಮುಂದಿನ ತುದಿ ಕೂಡಿಸಿ ಹಿಂದಿನ ತುದಿ ಅಗಲಿಸಿದರೆ ಬ್ರೇಕು, ಅದಕ್ಕೆ ಪಿಜ್ಜಾ ಅನ್ನುತ್ತಾರೆ. ಜೋಡಿಸಿ ನೇರ ಮಾಡಿದರೆ ಓಟ, ಅದು ಫ್ರೆಂಚ್ ಫ್ರೈಸ್.

ನನಗೆ ಒಂದು ವಿಚಿತ್ರ ತೊಡಕು ಬಂತು. ಚಿಕ್ಕಂದಿನಲ್ಲಿ ಮನೆ ಹಿಂದಿನ ದರೆಯಲ್ಲಿ ಅಡಿಕೆ ಹಾಳೆ ಮೇಲೆ ಕೂತು ಜಾರಿದವಳು ನಾನು. ವೇಗ ಹೆಚ್ಚಾದರೆ ಹಿಂದಕ್ಕೆ ಒರಗಬೇಕು ಅನ್ನುವುದು ಮೈಗೆ ಹತ್ತಿದ ಪಾಠ. ಸ್ಕೀಯಲ್ಲಿ ಅದರ ತದ್ವಿರುದ್ಧ. ಹಿಂದಕ್ಕೆ ಒರಗಿದರೆ ಹಲಗೆಯ ಮುಂಭಾಗ ಹಿಡಿತ ತಪ್ಪಿ ಇನ್ನೂ ಜೋರಾಗಿ ಓಡುತ್ತದೆ. ಮಂಡಿಯ ಕೆಳಗಿನ ಕಾಲಿನ ಮುಂಭಾಗವನ್ನು ಬೂಟಿನ ನಾಲಿಗೆಗೆ ಒತ್ತಿ, ಭಯ ಇರುವ ಕಡೆಗೇ ಬಗ್ಗಬೇಕು. ಇದನ್ನು ತಲೆ ಒಪ್ಪಿದ ಎಷ್ಟೋ ಹೊತ್ತಿನ ಮೇಲೆ ಸೊಂಟ ಒಪ್ಪಿತು. ಬಿದ್ದು ಏಳುವುದಕ್ಕೂ ಉಪಾಯ ಇದೆ: ಮಳೆನೀರು ಯಾವ ಕಡೆ ಹರಿದುಹೋಗುತ್ತದೋ ಆ ದಿಕ್ಕಿಗೆ ಹಲಗೆ ಅಡ್ಡಲಾಗಿ ಇಟ್ಟುಕೊಂಡು ಏಳಬೇಕು, ಉದ್ದಕ್ಕೆ ಇಟ್ಟರೆ ಎದ್ದ ಕೂಡಲೇ ಹೊರಟುಬಿಡುತ್ತೀರಿ.

ಸಂಜೆ ಮೂರೂವರೆಗೆ ನಾನು ಕೇಳಿದ ಪ್ರಶ್ನೆ: ಇಲ್ಲಿಂದ ಕೆಳಗೆ ಹೇಗೆ ಹೋಗುವುದು? ಆ ಹುಡುಗ, ಇದೇನು ಪ್ರಶ್ನೆ ಅನ್ನುವ ಹಾಗೆ, 'ಬಂದ ಹಾಗೇ, ಗೊಂಡೋಲಾದಲ್ಲಿ' ಎಂದ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಎಂಟು ವರ್ಷದಿಂದ ನಾನು ಹೆದರಿಕೊಂಡಿದ್ದದ್ದು ಬೀಳುವುದಕ್ಕಲ್ಲ. ಒಮ್ಮೆ ಮೇಲೆ ಹೋದರೆ ಜಾರಿಯೇ ಇಳಿಯಬೇಕು, ಬೇರೆ ದಾರಿಯಿಲ್ಲ ಅನ್ನುವುದಕ್ಕೆ. ಕಲಿಯುವ ಜಾಗವನ್ನು ನಡುಬೆಟ್ಟದಲ್ಲಿ ಇಟ್ಟು ಇಳಿಯಲು ಡಬ್ಬಿ ಕೊಟ್ಟಿದ್ದಾರಲ್ಲ, ನನ್ನ ಮಟ್ಟಿಗೆ ಇಡೀ ವಿಸ್ತರಣೆಯ ದೊಡ್ಡ ಸಂಗತಿ ಅದೇ. ಎಷ್ಟು ಎಕರೆ, ಎಷ್ಟು ಮೈಲಿ ಅನ್ನುವುದೆಲ್ಲ ಆಮೇಲಿನ ಮಾತು.

ಎರಡನೇ ದಿನದ ಬಗ್ಗೆ ಹೇಳುವಂಥದ್ದು ಕಮ್ಮಿ, ಚೆನ್ನಾಗಿಯೇ ಹೋಯಿತು. ಅಲ್ಲೇ ಗ್ರೀನ್‌ಹಾರ್ನ್ ಎಕ್ಸ್‌ಪ್ರೆಸ್ ಅಂತ ನಾಲ್ವರು ಕೂರುವ ಕುರ್ಚಿ ಲಿಫ್ಟ್ ಇದೆ. ಇದೂ ಹತ್ತುವಲ್ಲಿ ನಿಧಾನವಾಗುವ ಬಗೆಯದು. ಕೋಲು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು, ಹಿಂದೆ ತಿರುಗಿ ನೋಡಿ ಕೂತರೆ ಆಯಿತು. ಇಳಿಯುವಾಗ ಹಲಗೆಯ ತುದಿ ಮೇಲೆತ್ತಿ, ಎದ್ದು ನಿಂತು ಸುಮ್ಮನೆ ಬಿಡಿ, ಅದೇ ಕರೆದುಕೊಂಡು ಹೋಗುತ್ತದೆ. ಹನ್ನೆರಡು ಸಲ ಹತ್ತಿ ಇಳಿದೆ, ಬಿದ್ದದ್ದು ಎರಡೇ ಸಲ. ಮಗಳು ಮಕ್ಕಳ ಗುಂಪಿನಲ್ಲಿ ಕೋಲೇ ಇಲ್ಲದೆ ನನ್ನ ಪಕ್ಕದಿಂದ ಹಾದುಹೋಗುತ್ತಾ 'ಅಮ್ಮಾ, ಪಿಜ್ಜಾ ಸಾಕು' ಅಂತ ಕೂಗಿದಳು. ಸಂಜೆ ಊರಿನ ಬಿಸಿನೀರ ಬುಗ್ಗೆಯ ಕೊಳದಲ್ಲಿ ಕಾಲು ಇಳಿಬಿಟ್ಟು ಕೂತೆವು. ಈ ಊರಿಗೆ ಹೆಸರು ಬಂದದ್ದೂ ಒಂದು ಬುಗ್ಗೆಯಿಂದಲೇ, ಅದು ಉಗಿ ಹಡಗಿನ ಹಾಗೆ ಸದ್ದು ಮಾಡುತ್ತಿತ್ತಂತೆ.

ಮೂರನೇ ದಿನ ಕೊಂಬು ಬಂದದ್ದು ಹೀಗೆ. ಬೆಟ್ಟದ ನಕ್ಷೆಯಲ್ಲಿ ಸುಲಭದ ದಾರಿಗೆ ಹಸಿರು ವೃತ್ತ, ಮಧ್ಯಮಕ್ಕೆ ನೀಲಿ ಚೌಕ, ಕಷ್ಟಕ್ಕೆ ಕಪ್ಪು ವಜ್ರ. ಹಸಿರು ದಾರಿಗಳಲ್ಲಿ ಒಂದರ ಹೆಸರು 'ವೈ ನಾಟ್', ಯಾಕಾಗಬಾರದು. ಬೆಟ್ಟದ ಮೇಲಿನ ಥಂಡರ್‌ಹೆಡ್ ಅನ್ನುವ ಜಾಗದಿಂದ ಬೆಟ್ಟ ಸುತ್ತಿಕೊಂಡು ಬುಡದವರೆಗೆ ಸುಮಾರು ಮೂರು ಮೈಲಿ. ಹಸಿರು ಅಂದಮೇಲೆ ಹಸಿರೇ ತಾನೇ, ಯಾಕಾಗಬಾರದು ಅಂತ ನಾನೂ ಅಂದೆ. ನಮ್ಮನೆಯವರು ಒಲ್ಲೆ ಎಂದರು. 'ನೀವಿಬ್ಬರೂ ಹೋಗಿ ಬನ್ನಿ, ನಾನು ಕೆಳಗೆ ಬಿಸಿ ಚಾಕೊಲೇಟ್ ಕುಡೀತಾ ಕೂತಿರ್ತೀನಿ.' ಅವರನ್ನು ಹೇಡಿ ಅಂದೆ. ಈಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಹಸಿರು ಅನ್ನುವುದು ಇಳಿಜಾರಿನ ಗುರುತು, ಉದ್ದದ್ದಲ್ಲ. ಅದು ಆ ಬೆಟ್ಟದ ಉಳಿದ ದಾರಿಗಳಿಗೆ ಹೋಲಿಸಿ ಹೇಳಿದ್ದು ಕೂಡ. ವೈ ನಾಟ್ ಬಹುಪಾಲು ಗಾಡಿ ದಾರಿಯಷ್ಟೇ ಅಗಲ. ಅಗಲವಾದ ಬಯಲಿನಲ್ಲಿ ದೊಡ್ಡ ತಿರುವು ಹಾಕಿ ವೇಗ ಕಳೆಯಲು ಕಲಿತವಳಿಗೆ ಅಲ್ಲಿ ತಿರುಗಲು ಜಾಗವಿಲ್ಲ. ಪಿಜ್ಜಾ ಹಿಡಿದೇ ಇಳಿಯಬೇಕು, ತೊಡೆ ಉರಿಯತೊಡಗುತ್ತದೆ. ನಡುವೆ ಸಮತಟ್ಟು ಬಂದು ನಿಂತುಬಿಟ್ಟರೆ ಕೋಲು ಊರಿ ತಳ್ಳಿಕೊಂಡು ಹೋಗಬೇಕು. ಹಿಂದಿನಿಂದ ಬರುವವರು 'ಎಡಕ್ಕೆ' ಅಂತ ಕೂಗಿದರೆ ಅವರು ನಮ್ಮ ಎಡಗಡೆ ಬರುತ್ತಿದ್ದಾರೆ ಎಂದರ್ಥ. ನನಗೆ ಎಡಕ್ಕೆ ಹೋಗು ಅಂದಂತೆ ಕೇಳಿ ಎಡಕ್ಕೇ ಸರಿದೆ, ಆ ಮನುಷ್ಯ ಹೇಗೋ ತಪ್ಪಿಸಿಕೊಂಡ. ಕ್ಷಮಿಸಿ ಅನ್ನುವಷ್ಟರಲ್ಲಿ ಕಾಣೆಯಾದ.

ಮಗಳು ಮುಂದೆ ಹೋಗಿ ತಿರುವಿನಲ್ಲಿ ಕಾಯುವುದು, ನಾನು ತಲುಪುತ್ತಲೇ ಹೊರಡುವುದು. ಹೀಗಾಗಿ ಅವಳಿಗೆ ವಿಶ್ರಾಂತಿ, ನನಗಿಲ್ಲ. ಮೂರು ಗಂಟೆಯ ಮೇಲೆ ನೆರಳು ಬಿದ್ದ ಕಡೆ ಹಿಮ ಗಟ್ಟಿಯಾಗಿ ಗಾಜಿನ ಹಾಗಾಯಿತು. ಏಳನೇ ಸಲ ಬಿದ್ದಾಗ ಏಳಲು ಮನಸ್ಸಾಗಲಿಲ್ಲ, ಪಕ್ಕದ ಹಿಮದ ದಿಬ್ಬಕ್ಕೆ ಒರಗಿ ಕೂತೆ. ಕೆಂಪು ಕೋಟಿನ ಗಸ್ತಿನವಳು ಬಂದು ಪೆಟ್ಟಾಗಿದೆಯೇ ಅಂತ ಕೇಳಿದಳು. ಮಾನಕ್ಕೆ ಮಾತ್ರ ಎಂದೆ. ನಕ್ಕಳು, ಬೇಕಾದರೆ ಜಾರುಬಂಡಿ ತರಿಸುತ್ತೇನೆ, ನಾಚಿಕೆ ಬೇಡ ಎಂದಳು. ಬೇಡವೆಂದೆ. ಐದು ನಿಮಿಷ ನನ್ನ ಜೊತೆಗೇ ನಿಂತು, ಒಂದು ಬಿಸ್ಕತ್ತು ಕೊಟ್ಟು, ಮೊದಲ ತಿರುವಿನವರೆಗೆ ಮುಂದೆ ಹೋಗಿ ದಾರಿ ತೋರಿಸಿದಳು. ಒಟ್ಟು ಎರಡು ಗಂಟೆ ಹತ್ತು ನಿಮಿಷ. ಬರುವವರು ಇದನ್ನು ಬೆಳಿಗ್ಗೆ ಮಾಡಿ, ಸಂಜೆ ಎಲ್ಲ ದಾರಿಗಳ ಜನವೂ ಬುಡದಲ್ಲಿ ಬಂದು ಕೂಡುತ್ತಾರೆ. ಜೇಬಿನಲ್ಲಿ ಚಿಕ್ಕಿಯೋ ಖರ್ಜೂರವೋ ಇರಲಿ.

ಖರ್ಚು ಕೇಳುತ್ತೀರಿ, ಹೇಳುತ್ತೇನೆ. ಮೂವರಿಗೆ ಮೂರು ದಿನದ ಲಿಫ್ಟ್ ಟಿಕೆಟ್, ಒಂದೊಂದು ದಿನದ ಪಾಠ, ಬಾಡಿಗೆ ಸಾಮಾನು, ನಾಲ್ಕು ರಾತ್ರಿ ರೂಮು, ಪೆಟ್ರೋಲು, ಊಟ ಎಲ್ಲ ಸೇರಿ 3,900 ಡಾಲರಿನ ಹತ್ತಿರ ಹೋಯಿತು. ಊರಿಗೆ ಹೋಗಿಬರುವ ಒಂದು ವಿಮಾನದ ಟಿಕೆಟ್ಟಿಗಿಂತ ಹೆಚ್ಚು. ಟಿಕೆಟ್ಟಿನ ಬೆಲೆ ದಿನಕ್ಕೊಂದು. ವಾರಗಳ ಮೊದಲೇ ಕೊಂಡರೆ, ವಾರದ ನಡುವಿನ ದಿನ ಆರಿಸಿದರೆ ಗಣನೀಯವಾಗಿ ಇಳಿಯುತ್ತದೆ. ನಾವು ಮಗಳ ಶಾಲೆಗೆ ಎರಡು ದಿನ ರಜೆ ಹಾಕಿಸಿದ್ದು ಅದಕ್ಕೇ. ಕೋಟು ಪ್ಯಾಂಟುಗಳನ್ನು ಕೊಳ್ಳದೆ ಪರಿಚಯದವರಿಂದ ಕಡ ತಂದಿದ್ದೆವು, ನನ್ನ ಪ್ಯಾಂಟು ಒಬ್ಬರದು, ಕನ್ನಡಕ ಇನ್ನೊಬ್ಬರದು. ವಾಪಸ್ ಬರುವಾಗ ಭಾನುವಾರ ಬೆಳಿಗ್ಗೆ ಆರಕ್ಕೇ ಹೊರಡಿ, ಮಧ್ಯಾಹ್ನದ ಮೇಲೆ ಆ ಹೆದ್ದಾರಿಯಲ್ಲಿ ಅರ್ಧ ಡೆನ್ವರ್ ನಿಂತಿರುತ್ತದೆ.

ಬುಡ ತಲುಪಿದಾಗ ನಮ್ಮನೆಯವರು ಎರಡನೇ ಲೋಟ ಮುಗಿಸಿದ್ದರು. ಬೂಟಿನ ಕೊಂಡಿಗಳನ್ನು ಅವರೇ ಬಗ್ಗಿ ಬಿಚ್ಚಿದರು, ನನ್ನ ಕೈಯಲ್ಲಿ ಆಗಲಿಲ್ಲ. ಏನೂ ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ, ಅಮ್ಮ ದೋಸೆ ಹೊಯ್ಯುತ್ತಿದ್ದರು, ಕಾವಲಿಯ ಸದ್ದು ಕೇಳುತ್ತಿತ್ತು.

'ಬಿದ್ದೆಯೇನೇ?'

'ಇವತ್ತು ಒಂಬತ್ತು ಸಲ.'

'ಹಾಳೆ ಮೇಲೆ ಜಾರುವಾಗಲೂ ನೀನೇ ಬೀಳೋಳು. ಅಣ್ಣ ಒಂದು ದಿನ ಬಿದ್ದವನಲ್ಲ,' ಅಂದರು ಅಮ್ಮ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, 'ಟೋಪಿ ಹಾಕ್ಕೊಂಡಿದ್ಯಾ?' ಎಂದರು.